ಕುದುರೆಮುಖದ ಜೀಪಿನಲ್ಲಿ ನನ್ನ ಜಾಗ

ಇವತ್ತು ಏಕಾದಶಿ, ಉಪವಾಸ. ಬಾಗಿಲಿಗೆ ನೀರು ಹಾಕಿ, ದೀಪ ಹಚ್ಚಿ, ಹಾಗಲವಾಡಿಯಿಂದ ಅಕ್ಕ ಕಳಿಸಿದ ತೆಂಗಿನಕಾಯಿ ಚೀಲ ಸುರಿದೆ. ತಳದಲ್ಲಿ ಒಂದು ಹಳೇ ಫೋಟೊ ಇತ್ತು. ಕುದುರೆಮುಖದ ಬೆಟ್ಟದ ಮೇಲೆ ಮನೆಯವರೆಲ್ಲ ನಗುತ್ತಾ ನಿಂತಿದ್ದಾರೆ.

ಅಂದೂ ಏಕಾದಶಿಯೇ. ಅಜ್ಜಿಯ ಜೊತೆ ನಾನೂ ಮೊದಲ ಸಲ ಉಪವಾಸವಿದ್ದೆ. ಕಾಡಿನ ಗೇಟಿನ ಬಳಿ ಅಪ್ಪ ಪಂಚೆಯ ತುದಿಯಲ್ಲಿ ಕನ್ನಡಕ ಒರೆಸುತ್ತಾ, "ಜೀಪು ಸಾಲಲ್ಲ, ಅಜ್ಜಿ ಜೊತೆ ಒಬ್ರು ಇಲ್ಲೇ ಉಳೀಬೇಕು," ಅಂದರು. ಅಕ್ಕ ನನ್ನ ಕೈಗೆ ತಂಬಿಗೆ ಕೊಟ್ಟಳು. "ಓಡೋಗಿ ನೀರು ತಗೊಂಡ್ ಬಾರೇ. ಕಿಟಕಿ ಜಾಗ ನಿಂಗೇ ಹಿಡಿದಿರ್ತೀನಿ ಕಣೇ, ದೇವ್ರಾಣೆ."

ತಂಬಿಗೆ ತುಂಬಿಸಿಕೊಂಡು ಬಂದಾಗ ಜೀಪು ತಿರುವು ದಾಟುತ್ತಿತ್ತು. ಕಿಟಕಿಯಲ್ಲಿ ಅಕ್ಕ ಕೂತಿದ್ದಳು.

"ಬೆಟ್ಟ ಎಲ್ಲೋಗ್ತದೆ ಬುಡೇ, ಅಲ್ಲೇ ಇರ್ತದೆ," ಅಂದರು ಅಜ್ಜಿ.

ಸಂಜೆ ಇಳಿದು ಬಂದ ಅಕ್ಕ, "ಉಪಾಸ ಇರೋಳ್ಗೆ ತಲೆ ಸುತ್ತತ್ತೆ ಅಂತ ನಾನೇ ಅಪ್ಪಂಗೆ ಹೇಳ್ದೆ ಕಣೇ," ಅಂದಳು.

ಬೆಟ್ಟ ಅಲ್ಲೇ ಇದೆ. ನಾನಿನ್ನೂ ನೋಡಿಲ್ಲ. ಫೋಟೊದ ಹಿಂದೆ ಅಕ್ಕ ಬರೆದಿದ್ದಾಳೆ: "ನೀನ್ ಎಲ್ಲಿ ನಿಂತಿದ್ದೀಯೇ, ಕಾಣ್ತಿಲ್ವಲ್ಲ?"

ಅವಳು ಫೋನ್ ಮುಟ್ಟುವವಳಲ್ಲ. ಉತ್ತರ ಕಾಗದದಲ್ಲಿ ಬರೆದು ದೇವರ ಮುಂದಿಟ್ಟಿದ್ದೇನೆ. ಹಾಗಲವಾಡಿ ಕಡೆ ಹೋಗುವವರು ಯಾರಾದರೂ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದು ತಗೊಂಡು ಹೋಗಿ. ನಾಳೆ ನಾನು ಉಪವಾಸ ಬಿಡುವ ಮೊದಲೇ ಬನ್ನಿ. ಹೊಟ್ಟೆ ತುಂಬಿದರೆ ಸಿಟ್ಟಿಳಿದು ಹರಿದು ಹಾಕಿಬಿಟ್ಟೇನು.