ಅರಗು ಹಾಕಿದ ದುನಾಲಿ

ದೇವಣಿ ಕಡೆ ಹುಲಿ ದನಾ ಹಿಡಿಲಿಕತ್ತಿತ್ತು. ನಮ್ಮ ದೇಶಮುಖರು ಮುಂದ ಹೋಗಿ ಗಿಡದ ಮ್ಯಾಲ ಮಚಾನ ಕಟ್ಟಿಸಿದ್ರು. ಅವರ ಶಿಕಾರಿ ದುನಾಲಿ ಬಂದೂಕ ಹೊತ್ಕೊಂಡು ನಾ ಹಿಂದಿಂದ ಹೊಂಟಿದ್ದೆ. ಉದಗೀರ ನಾಕಾ ಚೌಕ್ಯಾಗ ಜಮಾದಾರ ತಡದ.

“ಪರವಾನಗಿ ಇರೂದು ಒಂದ ಬಂದೂಕಿಂದು. ಇದಕ್ಕ ನಳಿ ಎರಡವ. ಅಂದ್ರ ಬಂದೂಕ ಎರಡು.”

“ನಿಮ್ಮ ಮೂಗಿಗಿ ಹೊಳ್ಳಿ ಎರಡವ. ಹಂಗಾರ ಮೂಗು ಎರಡೇನ್ರೀ, ಜಮಾದಾರ ಸಾಹೇಬ್ರ?”

“ಮೂಗಿಗಿ ಸರಕಾರ ಪರವಾನಗಿ ಕೇಳಂಗಿಲ್ಲ.”

ಕೈ ಮುಗದೆ, ಚೀರಾಡಿದೆ, ಹುಲಿ ಕಾಯಂಗಿಲ್ಲಂತ ಬಾಯಿ ಬಡ್ಕೊಂಡೆ. ಕಡೀಕ ಅಂವಾ ಒಂದು ನಳಿ ಬಾಯಿಗಿ ಅರಗು ಸುರುವಿ, ಸರಕಾರಿ ಮೊಹರ ಒತ್ತಿ, “ಈಗ ಒಂದ ಬಂದೂಕ ಆತು, ಹೋಗು” ಅಂದ.

ದೇಶಮುಖರು ಆ ಮೊಹರ ನೋಡಿ ಬೈದದ್ದು ಜಮಾದಾರಗಲ್ಲ, ನನಗ: “ಹುಲಿ ಬಾಯಿಗೂ ಒಂದು ಒತ್ತಿಸ್ಕೊಂಡ ಬರಬೇಕಿತ್ತಲ್ಲೋ!”