ಎರಡನೆಯ ‘ಮೈಸೂರು’ ಬಂದ ವರ್ಷ

ಬೆಳಗೋಡಿನ ಏಕಾಂತಯ್ಯನವರು ‘ಮೈಸೂರು’ ಎಂಬ ಯುದ್ಧನೌಕೆಯ ಬಾಯ್ಲರ್ ಮುಂದೆ ಹದಿನೈದು ವರ್ಷ ಬೆಂದವರು. ೧೯೮೫ರಲ್ಲಿ ನೌಕಾಪಡೆ ಹಡಗನ್ನೂ ಇವರನ್ನೂ ಒಟ್ಟಿಗೇ ನಿವೃತ್ತಿ ಮಾಡಿತು. ಹಡಗು ಗುಜರಿಗೆ ಹೋಯಿತು. ಇವರು ಊರಿಗೆ ಬಂದು ಮೈಸೂರು ಏಕಾಂತಯ್ಯ ಆದರು. ಅಲ್ಲಿಂದಾಚೆ ಪ್ರತಿ ಆಗಸ್ಟ್ ಹದಿನೈದಕ್ಕೂ ನಮ್ಮೂರ ಶಾಲೆಯ ಬಾವುಟದ ಹಗ್ಗ ಎಳೆಯುವವರು ಅವರೇ. ಶಾಲಾ ಸಮಿತಿಯ ಕಾರ್ಯದರ್ಶಿಯಾದ ನಾನು ಹದಿಮೂರು ವರ್ಷ ಆ ಹಗ್ಗಕ್ಕೆ ಗಂಟು ಹಾಕಿಕೊಟ್ಟೆ. ಸಮುದ್ರ ಹಾಗಿರಲಿ, ಹೇಮಾವತಿಯನ್ನೂ ಸೇತುವೆಯ ಮೇಲಿಂದಲೇ ದಾಟಿದ ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

೧೯೯೯ರ ಜೂನ್‌ನಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ನೌಕಾಪಡೆಗೆ ಹೊಸ ಹಡಗು, ಹೆಸರು ಅದೇ ‘ಮೈಸೂರು’. ಹೋದ ಹಡಗಿನ ಹೆಸರನ್ನು ಹೊಸದಕ್ಕೆ ಇಡುವುದು ಅಲ್ಲಿಯ ಪದ್ಧತಿಯಂತೆ. ಕಾಫಿಯನ್ನೂ ಕುಡಿಯದೆ ಪೇಪರು ಹಿಡಿದು ಓಡಿದೆ. ಏಕಾಂತಯ್ಯನವರು ಅದನ್ನು ಎರಡು ಸಲ ಓದಿ ಮಡಚಿಟ್ಟರು.

“ಯಜಮಾನ ಬದುಕಿರುವಾಗ್ಲೇ ಅವನ ಹೆಸರು ಮೊಮ್ಮಗಂಗೆ ಇಡ್ತಾರೇನೋ ಮಾರಾಯ?” ಎಂದರು.

ಅದು ಅವರ ಮನೆಯ ಕಟ್ಟಳೆ. ತಾನಿನ್ನೂ ಇದ್ದೇನೆಂಬ ಕಾರಣಕ್ಕೇ ಮೊಮ್ಮಗನಿಗೆ ತನ್ನ ಹೆಸರು ಬೇಡವೆಂದು, ಅಭಿಲಾಷ್ ಎಂದು ಇಡಿಸಿದ್ದರು. ಹೋದದ್ದು ಹಡಗು, ನೀವಲ್ಲ ಎಂದು ಹೇಳಿ ನೋಡಿದೆ. ಅವರಿಗೆ ಆ ವ್ಯತ್ಯಾಸ ಕಾಣಲಿಲ್ಲ.

ಆಗಸ್ಟ್‌ನಲ್ಲಿ ಪಕ್ಕದೂರು ಹೆಗ್ಗದ್ದೆಯ ದೇವೇಂದ್ರ ರಜೆಗೆ ಬಂದ. ಹೊಸ ‘ಮೈಸೂರಿ’ನ ನಾವಿಕ! ಈ ಸಲದ ಬಾವುಟಕ್ಕೆ ಅವನನ್ನು ಕರೆಯಬೇಕೆಂದು ಸಮಿತಿಯಲ್ಲಿ ಸೂಚಿಸಿದವನು ನಾನೇ. ಹೊಸಬರಿಗೆ ಅವಕಾಶ ಎಂದೆಲ್ಲ ಮಾತಾಡಿದೆ. ಅಂದಿನಿಂದ ಗಂಡ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಏಕಾಂತಯ್ಯನವರ ಹೆಂಡತಿ ಗುರುಶಾಂತಮ್ಮನವರು ಬಂದು ನನ್ನ ಹೆಂಡತಿಯ ಹತ್ತಿರ ಹೇಳಿದರು. ನಾನು ಮಾತ್ರ ಚೆನ್ನಾಗಿಯೇ ಉಂಡೆ.

ಹದಿನೈದರ ಬೆಳಿಗ್ಗೆ ಏಕಾಂತಯ್ಯನವರು ಕರೆಯದಿದ್ದರೂ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ನೇರವಾಗಿ ಕಂಬದ ಬಳಿ ನಿಂತಿದ್ದ ದೇವೇಂದ್ರನ ಹತ್ತಿರ ಹೋಗಿ, ನಿಮ್ಮದರಲ್ಲಿ ಬಾಯ್ಲರ್ ಎಷ್ಟು ಎಂದು ಕೇಳಿದರು. ಬಾಯ್ಲರೇ ಇಲ್ಲ, ಎಲ್ಲ ಗ್ಯಾಸ್ ಟರ್ಬೈನ್ ಎಂದ ಹುಡುಗ.

“ಒಲೇನೇ ಇಲ್ದಿರೋ ಮನೆಗೆ ನಮ್ಮನೆ ಹೆಸರು ಬೇರೆ ಕೇಡು.”

ಬಾವುಟ ನೋಡಲು ನೆರೆದಿದ್ದ ಹೆಂಗಸರೆಲ್ಲ ನಕ್ಕರು. ಹುಡುಗನ ಮುಖ ಕೆಂಪಾಯಿತು. ಆದರೂ ಅವನು ಕಂಬದಿಂದ ಎರಡು ಹೆಜ್ಜೆ ಹಿಂದೆ ಸರಿದ.

“ಹಳೇ ಮೈಸೂರಲ್ಲಿ ಇದ್ದೋರು ನಮ್ ಕಡೆ ಒಬ್ರು ಅವ್ರೆ ಅಂದ್ರೆ ಹಡಗಲ್ಲಿ ಯಾರೂ ನಂಬಲ್ಲ, ದೊಡ್ಡಪ್ಪ. ಹೆಸರು ನಮಗೆ ಬಂದೈತೆ, ಸರಿ. ನೀವಿರುವಾಗ ಹಗ್ಗ ನಾ ಎಳೆಯಲ್ಲ. ಒಂದು ಫೋಟೋಕ್ಕೆ ಮಾತ್ರ ಜೊತೇಲಿ ನಿಂತ್ಕಳಿ.”

ಏಕಾಂತಯ್ಯನವರು ಎರಡನೆಯ ಮಾತಿಗೆ ಕಾಯದೆ ಹಗ್ಗ ಎಳೆದರು. ಬಾವುಟ ಬಿಚ್ಚಿತು. ಆಮೇಲೆ ಫೋಟೋಕ್ಕೆ ನಿಂತರು, ಆದರೆ ಹುಡುಗನಿಗಿಂತ ಅರ್ಧ ಹೆಜ್ಜೆ ಮುಂದೆ, ಎದೆ ಉಬ್ಬಿಸಿ. ಸ್ವಲ್ಪ ಹಿಂದೆ ಸರಿಯಿರಿ ಎಂದು ಮೂರು ಸಲ ಹೇಳಿದೆ. ಸರಿಯಲಿಲ್ಲ. ಹೊಸ ಹಡಗಿಗೆ ಹೋದ ಆ ಚಿತ್ರದಲ್ಲಿ ಏಕಾಂತಯ್ಯನವರಿದ್ದಾರೆ, ದೇವೇಂದ್ರನ ಒಂದು ಕಿವಿ ಇದೆ. ತೆಗೆದವನು ನಾನಾದ್ದರಿಂದ ನನ್ನ ಕಿವಿಯೂ ಇಲ್ಲ.