ಓವನ್ನಿನ ಬಾಗಿಲು ತೆಗೆಯದ ಇಪ್ಪತ್ತೈದು ನಿಮಿಷ

ನಿವೃತ್ತಿಯಾದ ಎರಡನೆಯ ವರ್ಷ ಆಕೆಗೆ ಹತ್ತು ದಿನ ಜ್ವರ ಬಂತು. ಹೋಗುವಾಗ ಅದು ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಹನ್ನೊಂದನೆಯ ದಿನ ಎದ್ದು ಕಾಫಿಪುಡಿಯ ಡಬ್ಬಿ ತೆರೆದರೆ ಅದರಲ್ಲಿ ಬರೀ ಕಂದು ಬಣ್ಣವಿತ್ತು. ಸೋಪಿನಲ್ಲಿ ಬರೀ ನುಣುಪಿತ್ತು. ಗಂಡ ಅಂಗಡಿಗಳ ಬೋರ್ಡು ಬರೆಯುವವನು. ಅವನ ಅಂಗಿಗೆ ಅಂಟುವ ಟರ್ಪೆಂಟೈನ್ ವಾಸನೆಯನ್ನು ಮೂವತ್ತು ವರ್ಷ ಬೈದುಕೊಂಡೇ ಒಗೆದವಳು ಅಂದು ಅದೇ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ನಿಂತಳು. ಏನೂ ಇಲ್ಲ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಇದು ನರದ ವಿಷಯ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಕೇಳಿದವರಿಗೆಲ್ಲ ಆಕೆ ಒಂದೇ ಮಾತು ಹೇಳುತ್ತಿದ್ದಳು: "ಕನ್ನಡಕ ಕೂರಿಸೋದು ಬಿಟ್ರೆ ಈ ಮೂಗಿಗೆ ಈಗ ಬೇರೆ ಕೆಲಸ ಇಲ್ಲ."

ತಮಾಷೆಯ ಮಾತು ಬೇರೆ, ಒಳಗಿನ ಮಾತು ಬೇರೆ. ವಾಸನೆಯಿಲ್ಲದ ಲೋಕ ಎಚ್ಚರವಾದ ಮೇಲೂ ಮುಗಿಯದ ಕನಸಿನ ಹಾಗಿತ್ತು. ಬೀದಿಯಲ್ಲಿ ಲಾರಿ ಹೋದರೆ ಹೊಗೆ ಕಾಣುತ್ತಿತ್ತು, ಅಷ್ಟೇ. ಮೂಲೆಯ ಬೇಕರಿಯಲ್ಲಿ ಬ್ರೆಡ್ಡುಗಳು ಯಾರೋ ಬಣ್ಣದಲ್ಲಿ ಬರೆದಿಟ್ಟಂತೆ ಸಾಲಾಗಿ ಕೂತಿರುತ್ತಿದ್ದವು. ತಾನು ಎಲ್ಲದಕ್ಕಿಂತ ಅರ್ಧ ಅಡಿ ಆಚೆ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು ಆಕೆಗೆ.

ಅಂಥ ದಿನಗಳಲ್ಲೇ ತಂಗಿಯ ಓವನ್ ಮನೆಗೆ ಬಂತು. ತಂಗಿ ಸಣ್ಣ ಮನೆಗೆ ಹೋಗುತ್ತಿದ್ದಳು, ಅಲ್ಲಿ ಅದಕ್ಕೆ ಜಾಗವಿರಲಿಲ್ಲ. ಕರೆಂಟಿನ ಹಳೆಯ ಓವನ್. ಗಾಜಿನ ಬಾಗಿಲು, ಒಳಗೆ ಮೇಲೊಂದು ಕೆಳಗೊಂದು ಕಾಯಿಲ್, ಮೂಲೆಯಲ್ಲಿ ಪುಟ್ಟ ಬಲ್ಬು. ಎರಡನೆಯ ಮಹಡಿಯ ತಮ್ಮ ಅಡುಗೆಮನೆಯ ಕಿಟಕಿಯ ಪಕ್ಕ ಅದನ್ನು ಕೂರಿಸಿದರು. ಮಧ್ಯಾಹ್ನ ಗಂಡ ಕೆಲಸಕ್ಕೆ ಹೊರಟ ಮೇಲೆ ಆಕೆ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂರುತ್ತಿದ್ದಳು. ಕಿತ್ತಳೆ ಬೆಳಕಿನಲ್ಲಿ ಕೇಕಿನ ಹಿಟ್ಟು ಮೆಲ್ಲಗೆ ಮೇಲೇಳುತ್ತಿತ್ತು, ನಿದ್ದೆಹೋದ ಮಗುವಿನ ಹೊಟ್ಟೆ ಏಳುವಂತೆ. ತಿನ್ನುವ ಆಸೆ ಆಕೆಗಿರಲಿಲ್ಲ, ರುಚಿಯೂ ಮೂಗಿನ ಹಿಂದೆಯೇ ಹೋಗಿತ್ತು. ನೋಡುವುದೇ ಸುಖವಾಗಿತ್ತು.

ನೋಡುವುದಕ್ಕೆ ಚೆಂದವಿದ್ದ ಕೇಕು ಹೊರಗೆ ಬಂದಾಗ ಮಾತ್ರ ಬೇರೆಯೇ ಆಗಿರುತ್ತಿತ್ತು. ಒಂದು ದಿನ ನಡುವೆ ಹೊಂಡ, ಇನ್ನೊಂದು ದಿನ ತಳ ಕರಕಲು. ಒಂದರ ಎಡಗಡೆ ಗುಡ್ಡ, ಬಲಗಡೆ ತಗ್ಗು. ಗಂಡ ಯಾವುದನ್ನೂ ಬಿಡದೆ ತಿಂದ. ಗುಡ್ಡದ ಕಡೆಯಿಂದ ಶುರುಮಾಡುತ್ತಿದ್ದ, ಅಷ್ಟೇ.

ಒಂದು ಮಧ್ಯಾಹ್ನ ಅವನು ಮರೆತ ಕುಂಚ ತೆಗೆದುಕೊಂಡು ಹೋಗಲು ಮನೆಗೆ ಮರಳಿದ. ಮೆಟ್ಟಿಲಲ್ಲೇ ಸೀದ ವಾಸನೆ ಬಡಿಯಿತು. ಒಳಗೆ ಬಂದರೆ ಆಕೆ ಸ್ಟೂಲಿನ ಮೇಲೆ ಶಾಂತವಾಗಿ ಕೂತಿದ್ದಾಳೆ, ಕಿಟಕಿಯ ಬಿಸಿಲಿನಲ್ಲಿ ಬೂದು ಹೊಗೆ ಪದರ ಪದರವಾಗಿ ಸುತ್ತುತ್ತಿದೆ, ಆಕೆ ಅದನ್ನು ಬಿಸಿಲಿನ ಧೂಳು ಅಂದುಕೊಂಡು ನೋಡುತ್ತಿದ್ದಾಳೆ. ಅವನು ಸ್ವಿಚ್ ಆರಿಸಿ ಕಿಟಕಿಗಳನ್ನು ತೆರೆದ. ಬೈಯಲಿಲ್ಲ. ಆಕೆಯ ಪಕ್ಕ ನೆಲದ ಮೇಲೆ ಕೂತ. ಜ್ವರ ಬಿಟ್ಟ ಮೇಲೆ ಆಕೆ ಮೊದಲ ಸಲ ಅತ್ತದ್ದು ಆವತ್ತು.

ಮರುದಿನ ಆಕೆ ಆ ಓವನ್ನೇ ಸರಿಯಿಲ್ಲ, ತೆಗೆದು ಯಾರಿಗಾದರೂ ಕೊಟ್ಟುಬಿಡೋಣ ಎಂದಳು. ಗಂಡ ತಲೆಯೆತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದ.

ಮಾತು ನಾಟಿತು. ಯಾಕೆಂದರೆ ಆಕೆ ಮೂವತ್ತೊಂದು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಇದ್ದವಳು. ಮೊದಲ ಅರ್ಧ ದೂರದ ಊರುಗಳಿಗೆ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್; ಆ ಕೆಲಸವೇ ಮರೆಯಾದ ಮೇಲೆ ಉಳಿದರ್ಧ ದೂರು ಸ್ವೀಕರಿಸುವ ಮೇಜು. ಬೀದಿಯವರು ಈಗಲೂ ಆಕೆಯನ್ನು ಎಕ್ಸ್‌ಚೇಂಜ್ ಅಕ್ಕ ಅಂತಲೇ ಕರೆಯುವುದು. ದೂರಿನ ಮೇಜಿನಲ್ಲಿ ಹಿರಿಯರೊಬ್ಬರು ಕಲಿಸಿದ್ದರು: ತಪ್ಪು ಎಲ್ಲಿದೆ ಅಂತ ಊಹಿಸಬಾರದು, ಎಲ್ಲಿ ಇಲ್ಲ ಅನ್ನುವುದನ್ನು ಒಂದೊಂದಾಗಿ ತಿಳಿಯುತ್ತ ಬರಬೇಕು. ಹಾಗೆ ಸಾವಿರಾರು ಜನರ ಸತ್ತ ಫೋನಿಗೆ ಜೀವ ಬರಿಸಿದವಳು ಒಂದು ಡಬ್ಬಿಯ ಮುಂದೆ ಸೋತು ಕೂತಿದ್ದಳು.

ಆಕೆ ಒಂದು ಓವನ್ ಥರ್ಮಾಮೀಟರ್ ತರಿಸಿ ಒಳಗೆ ತೂಗುಹಾಕಿದಳು. ಗುಂಡಿ ನೂರ ಎಂಬತ್ತು ಅನ್ನುತ್ತಿತ್ತು, ಒಳಗಿನ ಮುಳ್ಳು ಇನ್ನೂರೈದು ಅನ್ನುತ್ತಿತ್ತು. ತಳ ಯಾಕೆ ಕರಕಲಾಗುತ್ತಿತ್ತು ಅನ್ನುವುದು ಅರ್ಧ ತಿಳಿಯಿತು. ಆಮೇಲೆ ಒಳಗಿನ ತಂತಿ ಜಾಲರಿಯ ಮೇಲೆ ಒಂಬತ್ತು ಬ್ರೆಡ್ ಚೂರುಗಳನ್ನು ಮೂರು ಸಾಲಾಗಿ ಹರಡಿ ಹತ್ತು ನಿಮಿಷ ಕಾಯಿಸಿದಳು. ಹಿಂದಿನ ಬಲಮೂಲೆಯದು ಕಪ್ಪು, ನಡುವಿನವು ಹೊಂಬಣ್ಣ, ಬಾಗಿಲ ಬಳಿಯವು ಬೆಳ್ಳಗೆ ಹಾಗೇ. ಬಾಗಿಲಿಗೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆದರೆ ಕೆಳಗಡೆ ಅದು ಸಲೀಸಾಗಿ ಜಾರಿ ಬಂತು. ಅಲ್ಲಿ ರಬ್ಬರು ಸವೆದಿತ್ತು, ಬಿಸಿ ಸೋರುತ್ತಿತ್ತು. ತಂಗಿಯೇ ಕಳಿಸಿದ್ದ ಬೇಕಿಂಗ್ ಪೌಡರನ್ನು ಬಿಸಿನೀರಿಗೆ ಹಾಕಿದರೆ ಒಂದು ಗುಳ್ಳೆಯೂ ಏಳಲಿಲ್ಲ, ಹಳೆಯದಾಗಿ ಶಕ್ತಿ ಕಳೆದುಕೊಂಡಿತ್ತು. ಕೊನೆಗೆ ತಟ್ಟೆಯಲ್ಲಿ ನೀರು ಹಾಕಿ ಒಳಗಿಟ್ಟು ನೋಡಿದಳು. ನೀರು ಒಂದು ಪಕ್ಕಕ್ಕೆ ಸರಿದು ನಿಂತಿತು. ಗಂಡನನ್ನು ಕರೆದು ತೋರಿಸಿದಳು. "ನೋಡಿ, ನೆಲ ನಿಜವಾಗ್ಲೂ ಡೊಂಕು."

ಅವನು ನಕ್ಕು ಓವನ್ನಿನ ಒಂದು ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟ. ಸಂಜೆ ಒಂದು ಹಲಗೆಯ ಮೇಲೆ ಓವನ್ನಿನ ನಕ್ಷೆ ಬರೆದುಕೊಟ್ಟ. ಹಿಂದಿನ ಬಲಮೂಲೆಗೆ ಕೆಂಪು, ನಡುವೆ ಹಳದಿ, ಬಾಗಿಲ ಬಳಿ ತಿಳಿನೀಲಿ. ದೂರದಿಂದ ನೋಡಿದರೆ ಯಾವುದೋ ಪುಟ್ಟ ದೇಶದ ಹಾಗಿತ್ತು, ಒಂದು ಮರುಭೂಮಿ, ಒಂದು ಬಯಲು, ತಂಪಾದ ಒಂದು ಕರಾವಳಿ. ಆ ದೇಶದಲ್ಲಿ ಕೇಕನ್ನು ಎಲ್ಲಿ ಇಡಬೇಕು, ಯಾವಾಗ ತಿರುಗಿಸಬೇಕು ಅನ್ನುವುದು ಈಗ ಆಕೆಗೆ ಗೊತ್ತಿತ್ತು.

ಬೆಂದಿತೋ ಇಲ್ಲವೋ ತಿಳಿಯುವುದು ಒಂದು ಉಳಿದಿತ್ತು. ಮೂಗಿದ್ದವರಿಗೆ ಘಮ ಹೇಳುತ್ತದೆ. ಒಂದು ದಿನ ಕೇಕನ್ನು ಹೊರಗೆ ತೆಗೆದು ಬಗ್ಗಿದಾಗ ಆಕೆಗೆ ಒಂದು ಸದ್ದು ಕೇಳಿಸಿತು. ಬಹಳ ದೂರದಲ್ಲಿ ತಗಡಿನ ಮೇಲೆ ಹನಿ ಬೀಳುವಂಥ ಚಿಟಿಚಿಟಿ. ಹೆಡ್‌ಫೋನ್ ಹಾಕಿಕೊಂಡು ಇಷ್ಟು ವರ್ಷ ಗೊರಗೊರದೊಳಗಿಂದ ಜನರ ದನಿ ಹೆಕ್ಕಿದ ಕಿವಿ ಅದು. ಆಕೆ ಅದನ್ನು ಮತ್ತೆ ಒಳಗಿಟ್ಟು ಐದು ನಿಮಿಷ ಬಿಟ್ಟು ಕೇಳಿದಳು. ಹನಿ ನಿಲ್ಲುತ್ತ ಬಂದಿತ್ತು. ಕತ್ತರಿಸಿದರೆ ಹದವಾಗಿ ಬೆಂದಿತ್ತು. ಹಸಿ ಕೇಕು ಹಾಡುತ್ತದೆ, ಬೆಂದದ್ದು ಸುಮ್ಮನಾಗುತ್ತದೆ. ಆ ದಿನ ಆಕೆಗೆ ತಾನು ತೇಲುತ್ತಿದ್ದಲ್ಲಿಂದ ಕಾಲು ನೆಲಕ್ಕೆ ತಾಗಿದಂತಾಯಿತು.

ಸುದ್ದಿ ಹಬ್ಬಿದ್ದು ಕೆಳಗಿನ ಮನೆಯ ನರ್ಸಿನಿಂದ. ಅವಳ ಕೇಕಿನ ಮೇಲ್ಭಾಗ ಬಿರಿದು ಬಾಯಿಬಿಡುತ್ತಿತ್ತು. ಟಿನ್ನನ್ನು ಮೇಲಿನ ಕಾಯಿಲಿಗೆ ತೀರ ಹತ್ತಿರ ಇಡುತ್ತೀ, ಒಂದು ಮೆಟ್ಟಿಲು ಕೆಳಗಿಡು, ಶಾಖವನ್ನೂ ಇಪ್ಪತ್ತು ಇಳಿಸು ಎಂದು ಅಕ್ಕ ಹೇಳಿದಳು. ಸರಿಹೋಯಿತು. ನರ್ಸು ಆಸ್ಪತ್ರೆಯಲ್ಲೆಲ್ಲ ಹೇಳಿದಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಫೋನು ಬರತೊಡಗಿತು. ಅಕ್ಕ ಹಳೆಯ ಮೇಜಿನ ದನಿಯಲ್ಲೇ ಒಂದೊಂದಾಗಿ ಕೇಳುತ್ತಿದ್ದಳು. ಟಿನ್ ಕಪ್ಪೋ ಬಿಳಿಯೋ, ಎಷ್ಟು ತುಂಬಿಸಿದಿರಿ, ಖಾಲಿ ಓವನ್ನನ್ನು ಮೊದಲು ಎಷ್ಟು ಹೊತ್ತು ಕಾಯಿಸಿದಿರಿ. ನಡುವೆ ಬಾಗಿಲು ತೆಗೆದಿರಾ ಎಂದರೆ ಎಲ್ಲರೂ ಇಲ್ಲ ಅನ್ನುತ್ತಿದ್ದರು. ಎಲ್ಲರೂ ತೆಗೆದಿರುತ್ತಿದ್ದರು.

ಒಂದು ಶುಕ್ರವಾರ ಒಬ್ಬ ವಯಸ್ಸಾದವನ ಫೋನು ಬಂತು. ಮೆಲುದನಿ, ಪ್ರತಿ ವಾಕ್ಯಕ್ಕೂ ಮುಂಚೆ, ಕತ್ತಲಲ್ಲಿ ಮೆಟ್ಟಿಲು ತಡಕುವವನಂತೆ, ಒಂದು ಸಣ್ಣ ತಡೆ.

"ನಾಲ್ಕು ಕೇಕ್ ಆಯ್ತಮ್ಮ. ನಾಲ್ಕೂ ಮಧ್ಯೆ ಕುಸಿದ್ವು. ನಾಳೆ ನಮ್ಮಕ್ಕ ಬರ್ತಾಳೆ."

ಎರಡನೆಯ ತಡೆಗೇ ಆಕೆಗೆ ಆ ದನಿ ಗೊತ್ತಾಯಿತು. ಟ್ರಂಕ್ ಕಾಲಿನ ದಿನಗಳಲ್ಲಿ ಪ್ರತಿ ಭಾನುವಾರ ಹತ್ತೂವರೆಗೆ ಬುಕ್ ಮಾಡುತ್ತಿದ್ದ ಯುವಕ. ದೂರದ ಊರಿನಲ್ಲಿದ್ದ ಅಕ್ಕನ ನಂಬರು. ಹಲವು ವರ್ಷ ತಪ್ಪದೆ ಬರುತ್ತಿದ್ದ ಆ ಕರೆ ಒಂದು ವಾರ ನಿಂತದ್ದು ಮತ್ತೆ ಬರಲೇ ಇರಲಿಲ್ಲ. ಆಪರೇಟರುಗಳು ಕೇಳಿದ್ದನ್ನು ಆಡಬಾರದು. ಆಕೆ ಏನೂ ತೋರಿಸಿಕೊಳ್ಳದೆ ಎಂದಿನ ಪ್ರಶ್ನೆಗಳನ್ನು ಕೇಳಿದಳು. ಟಿನ್ನು, ಅಳತೆ, ಪೌಡರು, ಶಾಖ, ಎಲ್ಲ ಸರಿಯಿತ್ತು.

"ಬಾಗಿಲು ಎಷ್ಟು ಸಲ ತೆಗೀತೀರಿ?"

ಆತ ಸುಳ್ಳು ಹೇಳಲಿಲ್ಲ. "ಐದೈದು ನಿಮಿಷಕ್ಕೆ. ಒಳಗಿನ ಬಲ್ಬು ಹೋಗಿದೆ, ಗಾಜು ಮಸಿ ಹಿಡಿದಿದೆ. ಏನಾಗ್ತಿದೆಯೋ ಅಂತ ಭಯ ಆಗುತ್ತೆ."

ಕೇಕಿಗೆ ಮೊದಲು ಮೈ ಗಟ್ಟಿಯಾಗಬೇಕು, ಅದಕ್ಕೂ ಮುಂಚೆ ಬಾಗಿಲು ತೆಗೆದರೆ ಬಿಸಿ ಹೊರಟುಹೋಗಿ ಎದ್ದದ್ದು ಕೂತುಬಿಡುತ್ತದೆ, ಇಪ್ಪತ್ತೈದು ನಿಮಿಷ ಮುಟ್ಟಲೇಬಾರದು ಎಂದು ಆಕೆ ವಿವರಿಸಿದಳು. ಹೇಳುವುದು ಸುಲಭ ಎಂದ ಆತ.

"ಹಾಗಾದ್ರೆ ಐದನೇದು ಒಳಗಿಟ್ಟು ಫೋನ್ ಮಾಡಿ. ಆಮೇಲೆ ಫೋನ್ ಕೆಳಗಿಡಬೇಡಿ. ಇಪ್ಪತ್ತೈದು ನಿಮಿಷ ನನ್ನ ಜೊತೆ ಮಾತಾಡ್ತಾ ಇರಿ."

ಮುಕ್ಕಾಲು ಗಂಟೆ ಬಿಟ್ಟು ಫೋನು ಬಂತು. ಆತನ ಅಡುಗೆಮನೆಯಲ್ಲಿ ಉದ್ದ ವೈರಿನ ಹಳೆಯ ಫೋನಿತ್ತು. ಕುರ್ಚಿ ಎಳೆದದ್ದು ಇಲ್ಲಿಗೆ ಕೇಳಿಸಿತು. ಮೊದಲು ಹವೆ, ಮೊಣಕಾಲು ನೋವು. ಆಮೇಲೆ ಮಾತು ತಾನಾಗಿಯೇ ಆತನ ಅಕ್ಕನ ಕಡೆ ತಿರುಗಿತು. ತಾಯಿ ಬೇಗ ಹೋದ ಮೇಲೆ ಅವಳೇ ಸಾಕಿದ್ದು. ಹುಟ್ಟಿದ ದಿನಕ್ಕೆ ಪಕ್ಕದ ಮನೆಯವರ ಓವನ್ ಕೇಳಿ ಪಡೆದು ಕೇಕು ಮಾಡಿಕೊಡುತ್ತಿದ್ದಳು. ಮದುವೆಯಾಗಿ ದೂರ ಹೋದಳು. ಒಂದು ಭಾನುವಾರ, ಭಾವನಿಗೆ ಹುಷಾರಿಲ್ಲ, ಬಂದು ಹೋಗು ಎಂದಳು. ಕಾರ್ಖಾನೆಯಲ್ಲಿ ರಜೆ ಕೇಳಲು ಸಂಕೋಚವಾಗಿ ಮುಂದಿನ ವಾರ ಬರುತ್ತೇನೆ ಎಂದ. ಆ ಗುರುವಾರವೇ ಭಾವ ತೀರಿಹೋದ. ಬರುವುದು ಬೇಡ ಎಂದು ಅಕ್ಕ ತಂತಿ ಕೊಟ್ಟಳು. ಆಮೇಲೆ ಇಪ್ಪತ್ತೆಂಟು ವರ್ಷ ಮಾತಿಲ್ಲ. ಹೋದ ತಿಂಗಳು ಅವಳ ಕಾಗದ ಬಂದಿತ್ತು, ನಿನ್ನನ್ನು ನೋಡಬೇಕು ಅಂತ, ಎರಡೇ ಸಾಲು.

"ಆವತ್ತು ಆಪರೇಟರಮ್ಮ ಮಧ್ಯೆ ಬಂದು, ಮೂರು ನಿಮಿಷ ಆಯ್ತು, ಮುಂದುವರಿಸ್ಲಾ ಅಂತ ಕೇಳಿದ್ರು. ಸಾಕು ಅಂದ್ಬಿಟ್ಟೆ. ಇನ್ನು ಮೂರು ನಿಮಿಷ ತಗೊಂಡಿದ್ರೆ ಅವಳು ನನ್ನ ಒಪ್ಪಿಸ್ತಿದ್ಳು. ನಾನು ಹೋಗ್ತಿದ್ದೆ."

ಆ ಆಪರೇಟರು ಎಕ್ಸ್‌ಚೇಂಜ್ ಅಕ್ಕನೇ. ಆ ಭಾನುವಾರ ಆಕೆಗೆ ನೆನಪಿತ್ತು. ಸಾಕು ಎಂದ ಮೇಲೆ ಸ್ವಿಚ್‌ಬೋರ್ಡಿನ ತಂತಿ ಕಿತ್ತು ಕರೆ ಮುಗಿಸುವ ಮುಂಚೆ ಆ ಕಡೆಯಿಂದ ಹೆಂಗಸಿನ ದನಿ ಏನೋ ಹೇಳಲು ಹೊರಟದ್ದೂ ನೆನಪಿತ್ತು. ಮಾತು ಬಾಯಿಯವರೆಗೆ ಬಂತು. ಹೇಳಿದರೆ ತನ್ನ ಎದೆ ಹಗುರವಾದೀತು, ಆತನದು ಆಗಲಿಕ್ಕಿಲ್ಲ ಅನ್ನಿಸಿತು. ನುಂಗಿಕೊಂಡಳು.

"ಇನ್ನೂ ಹದಿಮೂರು ನಿಮಿಷ ಇದೆ. ಅವರು ಮಾಡ್ತಿದ್ದ ಕೇಕ್ ಹೇಗಿರ್ತಿತ್ತು, ಹೇಳಿ."

ಆತ ಹೇಳಿದ. ಹಳದಿಯಾಗಿ, ಒಂದು ಕಡೆ ಸ್ವಲ್ಪ ಸೀದು ಇರುತ್ತಿತ್ತಂತೆ. ಸೀದ ಕಡೆಯನ್ನು ಅವಳೇ ತಿನ್ನುತ್ತಿದ್ದಳಂತೆ.

ಸಮಯವಾಯಿತು. ಈಗ ಬಾಗಿಲು ತೆಗೆದು ಟಿನ್ನನ್ನು ಹೊರಗಿಡಿ, ಫೋನನ್ನು ಅದರ ಹತ್ತಿರ ಹಿಡಿಯಿರಿ, ಒಳಗೆ ಮುಳುಗಿಸಬೇಡಿ ಎಂದಳು. ಆತ ನಕ್ಕ. ವೈರಿನ ಆ ತುದಿಯಿಂದ ಹನಿಯ ಸದ್ದು ಬಂತು, ಸಣ್ಣಗೆ, ಎಡೆಬಿಡದೆ. ಕಣ್ಣು ಮುಚ್ಚಿ ಕೇಳಿದಳು. ಕಾಣದ ಒಂದು ಅಡುಗೆಮನೆಯಲ್ಲಿ ಕಾಣದ ಒಂದು ಕೇಕು ಹಾಡುತ್ತಿತ್ತು. ಮತ್ತೆ ಒಳಗಿಡಿ, ಹತ್ತು ನಿಮಿಷ ಎಂದಳು. ಎರಡನೆಯ ಸಲ ಹಿಡಿದಾಗ ಸದ್ದಿರಲಿಲ್ಲ.

"ಕುಸಿದಿಲ್ಲಮ್ಮ," ಎಂದ ಆತ. ಮತ್ತೆ ಅದನ್ನೇ ಹೇಳಿದ.

ಆ ಸಂಜೆ ಗಂಡನಿಗೆ ಮಾತ್ರ ಎಲ್ಲ ಹೇಳಿದಳು. ಆ ಆಪರೇಟರು ನೀನೇ ಅಂತ ಹೇಳಬಹುದಿತ್ತಲ್ಲ ಎಂದ ಅವನು. ಆಕೆ ಪಾತ್ರೆ ಉಜ್ಜತೊಡಗಿದಳು. ಅವನೂ ಒತ್ತಾಯಿಸದೆ, ಆಕೆಯ ಕೈಯಿಂದ ಪಾತ್ರೆ ತೆಗೆದುಕೊಂಡು ತೊಳೆದಿಟ್ಟ.

ಮಂಗಳವಾರ ಫೋನು ಬಂತು. ಅಕ್ಕ ಬಂದಿದ್ದಾಳೆ, ಎರಡು ತುಂಡು ತಿಂದಳು, ತಿಂದು ಮೊದಲು ಆಡಿದ ಮಾತು "ಒಣಗಿದೆ ಕಣೋ" ಅಂತ, ಆಮೇಲೆ ಇಬ್ಬರೂ ತುಂಬ ಹೊತ್ತು ಅತ್ತೆವು, ನಾಲ್ಕು ದಿನಕ್ಕೆಂದು ಬಂದವಳು ಒಂದು ತಿಂಗಳು ಇರುತ್ತಾಳಂತೆ, ಎಂದೆಲ್ಲ ಆತ ಒಂದೇ ಉಸಿರಿಗೆ ಹೇಳಿದ. ಈ ಸಲ ನಡುವೆ ತಡೆಯಿರಲಿಲ್ಲ.

"ಒಣಗಿದ್ದು ನನ್ನ ತಪ್ಪು," ಎಂದಳು ಎಕ್ಸ್‌ಚೇಂಜ್ ಅಕ್ಕ. "ಎರಡನೇ ಸಲ ಹತ್ತು ನಿಮಿಷ ಅಂದೆ, ಐದು ಸಾಕಿತ್ತು. ಪೂರ್ತಿ ಸುಮ್ಮನಾಗೋವರೆಗೂ ಕಾಯಬಾರದು. ಒಂದೆರಡು ಹನಿ ಇರುವಾಗ್ಲೇ ತೆಗೆದ್ಬಿಡಿ."

ಹಿಂದಿನಿಂದ ಹೆಂಗಸಿನ ದನಿಯೊಂದು, ಯಾರೋ ಅದು, ಊಟಕ್ಕೆ ಬಾ, ಎಂದು ಕರೆಯುವುದು ಕೇಳಿಸಿತು. ಹೋಗಿ ಎಂದು ಹೇಳಿ ಆಕೆ ಫೋನಿಟ್ಟಳು. ಕಿಟಕಿಯ ಬಿಸಿಲು ಓವನ್ನಿನ ಬೆನ್ನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅದನ್ನೇ ನೋಡುತ್ತ ಕೂತಿರುವಾಗ ಮತ್ತೆ ಫೋನು ಬಂತು. ಯಾವುದೋ ಹುಡುಗಿ, ಹನ್ನೆರಡು ಬಿಸ್ಕತ್ತು ಇಟ್ಟಿದ್ದು ಹರಡಿಕೊಂಡು ಒಂದೇ ಹಾಳೆಯಾಗಿದೆ ಎನ್ನುತ್ತಿದ್ದಳು.

ಆಕೆ ಸ್ಟೂಲು ಹತ್ತಿರ ಎಳೆದುಕೊಂಡಳು. "ಬೆಣ್ಣೆ ಕರಗಿಸಿ ಹಾಕಿದ್ಯಾ ಮಗಳೇ?"